ಅಜ್ಜಿಯ ತ್ವಾಕೆ, ಸೊಲೊಮೋನನ ನವಿಲು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಘದ ಹುಡುಗರು ಮೂರು ಸಲ ಮನೆಗೆ ಬಂದು ಹೋದರು. ‘ವಿಷಯ ನಿಮಗೇ ಬಿಟ್ಟದ್ದು ಸಾರ್’ ಅಂದರು. ವಿಷಯ ನಮಗೇ ಬಿಟ್ಟಾಗಲೇ ಕಷ್ಟ ನೋಡಿ. ಮೂವತ್ತೈದು ವರ್ಷ ಒಂದು ಕಾರಖಾನೆಯಲ್ಲಿ ಲೆಕ್ಕಪತ್ರ ಬರೆದು ನಿವೃತ್ತನಾದವನು ನಾನು. ಭಾಷಾಶಾಸ್ತ್ರ ಓದಿದವನಲ್ಲ, ಹೀಬ್ರೂ ಅಂತೂ ಬರುವುದೇ ಇಲ್ಲ. ಆದರೂ ಒಂದು ಹೀಬ್ರೂ ಶಬ್ದಕ್ಕೂ ನನಗೂ ನಲವತ್ತು ವರ್ಷದಿಂದ ಒಂದು ಲೆಕ್ಕ ಬಾಕಿ ಇದೆ. ಅದನ್ನೇ ಹೇಳ್ತೀನಿ.

ನಮ್ಮ ಮೂಲ ಊರು ರಾಯದುರ್ಗದ ಹತ್ತಿರದ ಒಂದು ಹಳ್ಳಿ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವಲ್ಲ, ಆ ಕಡೆಯವರು ನಾವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಅಪ್ಪ ಡೊಂಬಿವಲಿಯ ಎಂ.ಐ.ಡಿ.ಸಿ.ಯ ಒಂದು ಕಾರಖಾನೆಯಲ್ಲಿ ಕೆಲಸ ಸಿಕ್ಕಿ ಬಂದರು. ನಾನು ಹುಟ್ಟಿದ್ದು ಇಲ್ಲೇ, ಚಾಳಿನಲ್ಲಿ. ತಾತ ತೀರಿಕೊಂಡ ಮೇಲೆ, 1977ರಲ್ಲಿ, ಅಜ್ಜಿ ನಮ್ಮ ಜೊತೆ ಇರಲಿಕ್ಕೆ ಬಂದಳು. ಒಂದು ತಗಡಿನ ಪೆಟ್ಟಿಗೆ, ಒಂದು ಬೀಸುವ ಕಲ್ಲು, ಬಾಯಿತುಂಬ ಮಾತು. ಇಷ್ಟೇ ಅವಳು ತಂದ ಆಸ್ತಿ.

ಚಾಳಿನ ಹಿಂದೆ ಒಂದು ತಬೇಲಾ ಇತ್ತು. ನಾವು ಹುಡುಗರು ಅಲ್ಲಿ ಆಡಲಿಕ್ಕೆ ಹೋದರೆ ಅಜ್ಜಿ ಜಗುಲಿಯಿಂದಲೇ ಕೂಗುವಳು: ‘ಏಯ್, ಎಮ್ಮೆ ತ್ವಾಕೆ ಹತ್ರ ಹೋಗಬ್ಯಾಡ್ರೋ, ಬೀಸಿದ್ರೆ ಕಣ್ಣಿಗೆ ಬಡೀತದೆ!’ ನಾಯಿಗೂ ತ್ವಾಕೆ, ಹಲ್ಲಿಗೂ ತ್ವಾಕೆ, ಗಾಳಿಪಟಕ್ಕೂ ತ್ವಾಕೆ. ಸಂಜೆ ಚಾಳಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಥೆ ಹೇಳುವಳು. ಅರ್ಧ ಮಕ್ಕಳಿಗೆ ಕನ್ನಡವೇ ಬಾರದು. ಆದರೂ ಹನುಮಪ್ಪನ ತ್ವಾಕೆಗೆ ಬೆಂಕಿ ಹಚ್ಚುವ ಹೊತ್ತಿಗೆ ಎಲ್ಲರೂ ಕಣ್ಣರಳಿಸಿ ಕೂತಿರುತ್ತಿದ್ದರು.

ನನಗೆ ಹದಿನಾರು ವರ್ಷ. ಕನ್ನಡದ ಅಭಿಮಾನ ತಲೆಗೇರಿದ್ದ ಕಾಲ. ಸಂಘದಿಂದ ಇಬ್ಬರು ಹಿರಿಯರು ಚಂದಾ ಕೇಳಲಿಕ್ಕೆ ಮನೆಗೆ ಬಂದಿದ್ದರು. ಒಳ್ಳೆಯ ಪುಸ್ತಕದ ಕನ್ನಡ ಆಡುವವರು. ಅದೇ ಹೊತ್ತಿಗೆ ಅಜ್ಜಿ ಪಕ್ಕದ ಮನೆ ಕೂಸಿಗೆ ಬೆಕ್ಕು ತೋರಿಸುತ್ತ ‘ತ್ವಾಕೆ ನೋಡು ತ್ವಾಕೆ’ ಅನ್ನುತ್ತಿದ್ದಳು. ಬಂದವರಲ್ಲಿ ಒಬ್ಬರು ಸಣ್ಣಗೆ ನಕ್ಕರೋ, ನಕ್ಕಂತೆ ನನಗೆ ಅನ್ನಿಸಿತೋ, ಇವತ್ತಿಗೂ ಖಾತ್ರಿ ಇಲ್ಲ. ನನ್ನ ಕಿವಿ ಕೆಂಪಾಯಿತು. ಅವರೆದುರಿಗೇ ಅಂದೆ: ‘ಅಜ್ಜೀ, ಅದು ತೆಲುಗು. ಕನ್ನಡದಲ್ಲಿ ಬಾಲ ಅನ್ನಬೇಕು.’

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ‘ಹೌದೇನಪ್ಪ, ನಮಗೇನು ಗೊತ್ತಾಗ್ತದೆ’ ಅಂದಳು. ಅಷ್ಟೇ. ಜಗಳವಿಲ್ಲ, ಬೇಸರವಿಲ್ಲ. ಆದರೆ ಅವತ್ತಿನಿಂದ ಕಥೆ ಹೇಳುವಾಗ ಆ ಜಾಗ ಬಂದರೆ ಅವಳು ಒಂದು ಕ್ಷಣ ನಿಲ್ಲುವಳು. ನನ್ನ ಕಡೆ ನೋಡಿ, ‘ಹನುಮಪ್ಪನ... ಬಾಲಕ್ಕೆ’ ಅನ್ನುವಳು. ಮೆಟ್ಟಿಲು ಇಳಿಯುವ ಮುಂಚೆ ಕಾಲಲ್ಲಿ ತಡಕಿ ನೋಡುತ್ತಾರಲ್ಲ ವಯಸ್ಸಾದವರು, ಹಾಗೆ. ಬರಬರುತ್ತ ಕಥೆ ಹೇಳುವುದೇ ಕಡಿಮೆಯಾಯಿತು. 1981ರಲ್ಲಿ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮರುವರ್ಷ ತೀರಿಕೊಂಡಳು.

ಇನ್ನು ಹೀಬ್ರೂವಿನ ಕಥೆಗೆ ಬರೋಣ.

1984ರಲ್ಲಿ ನಾನು ಬಿ.ಕಾಂ. ವಿದ್ಯಾರ್ಥಿ. ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಹಳೆ ಪುಸ್ತಕಗಳ ರಾಶಿಯಲ್ಲಿ ಒಂದು ಕನ್ನಡ ಬೈಬಲ್ ಕಣ್ಣಿಗೆ ಬಿತ್ತು. ಅಲ್ಲಿ ಕನ್ನಡ ಅಕ್ಷರ ಕಂಡರೆ ನೆಂಟರು ಕಂಡಷ್ಟು ಸಂತೋಷ ಆಗ. ಮೂರು ರೂಪಾಯಿ ಕೊಟ್ಟು ತಂದೆ. ಲೋಕಲ್ ಗಾಡಿಯಲ್ಲಿ ಓದುತ್ತ ಓದುತ್ತ ಅರಸರ ಚರಿತ್ರೆಗೆ ಬಂದೆ. ಮೊದಲನೆಯ ಭಾಗ, ಹತ್ತನೆಯ ಅಧ್ಯಾಯ. ಸೊಲೊಮೋನ್ ರಾಜನ ವೈಭವದ ವರ್ಣನೆ. ಅವನ ತಾರ್ಷೀಷ್ ಹಡಗುಗಳು ಮೂರು ವರ್ಷಕ್ಕೊಮ್ಮೆ ಚಿನ್ನ, ಬೆಳ್ಳಿ, ಆನೆದಂತ, ಕೋತಿ, ನವಿಲು ಹೊತ್ತು ತರುತ್ತಿದ್ದವಂತೆ. ನವಿಲು ಅಂದರೆ ನಮ್ಮ ದೇಶದ ಹಕ್ಕಿ. 1963ರಲ್ಲಿ ರಾಷ್ಟ್ರಪಕ್ಷಿ ಅಂತ ಸಾರಿದ್ದಾರೆ. ಅದು ಯೆರೂಸಲೇಮಿಗೆ ಹೋದದ್ದು ಹೇಗೆ ಅಂತ ಕನ್ನಡದ ಮೇಷ್ಟ್ರನ್ನು ಕೇಳಿದೆ. ಅವರು ಮಾತಾಡದೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಕೈಗಿಟ್ಟರು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಬರೆದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ.

ಅದರಲ್ಲಿದ್ದ ಮಾತು ಇಷ್ಟು. ಆ ವಚನದಲ್ಲಿ ನವಿಲುಗಳಿಗೆ ಇರುವ ಹೀಬ್ರೂ ಶಬ್ದ ‘ತುಕ್ಕಿಯ್ಯೀಮ್’. ಕೊನೆಯ ‘ಈಮ್’ ನಮ್ಮ ‘ಗಳು’ ಇದ್ದ ಹಾಗೆ, ಬಹುವಚನ. ಅದನ್ನು ಕಳೆದರೆ ಉಳಿಯುವುದು ‘ತುಕ್ಕಿ’. ಹೀಬ್ರೂವಿನಲ್ಲಿ ಈ ಶಬ್ದಕ್ಕೆ ತಾಯಿಬೇರು ಇಲ್ಲ. ತಮಿಳಿನಲ್ಲಿ ‘ತೋಕೈ’ ಅಂದರೆ ನವಿಲಿನ ಗರಿಬಾಲ, ಕೆಲವು ಕಡೆ ನವಿಲೇ. ಮಲಯಾಳದಲ್ಲಿ ‘ತೋಕ’. ಹಕ್ಕಿ ಹಡಗು ಹತ್ತಿದಾಗ ಅದರ ಹೆಸರೂ ಜೊತೆಗೆ ಹತ್ತಿತು ಅಂತ ಕಾಲ್ಡ್‌ವೆಲ್‌ನ ಅಭಿಪ್ರಾಯ. ಜಗತ್ತಿನ ಯಾವುದೇ ಬರಹದಲ್ಲಿ ಉಳಿದಿರುವ ಅತ್ಯಂತ ಹಳೆಯ ದ್ರಾವಿಡ ಶಬ್ದ ಬಹುಶಃ ಇದೇ ಅಂತಲೂ ಅವನು ಹೇಳುತ್ತಾನೆ.

ತೋಕೈ, ತೋಕ. ನನ್ನ ಎದೆ ಧಸಕ್ಕೆಂದಿತು. ಮೇಷ್ಟ್ರ ಕಪಾಟಿನಲ್ಲಿ ಕಿಟೆಲ್‌ರ ನಿಘಂಟೂ ಇತ್ತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ‘ತ’ಕಾರದ ಪುಟಗಳನ್ನು ತಿರುವಿದೆ. ಇತ್ತು: ತೋಕೆ. ಅರ್ಥ, ಬಾಲ. ತೆಲುಗಿನಲ್ಲಿ ತೋಕ ಇರುವುದು ನಿಜ. ಆದರೆ ಕನ್ನಡದಲ್ಲೂ ತೋಕೆ ಇದೆ. ಒಂದೇ ಮನೆಯ ಅಕ್ಕತಂಗಿಯರ ಹಾಗೆ. ತೋಟ ತ್ವಾಟ ಆಗುವಂತೆ ನಮ್ಮ ಅಜ್ಜಿಯ ಬಾಯಲ್ಲಿ ತೋಕೆ ತ್ವಾಕೆ ಆಗಿತ್ತು, ಅಷ್ಟೇ.

ಇದಕ್ಕಿಂತ ದೊಡ್ಡ ಏಟು ಆಮೇಲೆ ಬಿತ್ತು. ಶುದ್ಧ ಕನ್ನಡ ಅಂತ ನಾನು ಅಜ್ಜಿಗೆ ಕಲಿಸಿದ ‘ಬಾಲ’ ಎಲ್ಲಿಂದ ಬಂದದ್ದು? ಸಂಸ್ಕೃತದ ‘ವಾಲ’ದಿಂದ. ಬಾಡಿಗೆ ಮನೆಯವನು ಸ್ವಂತ ಮನೆಯವಳನ್ನು ಹೊರಗೆ ಹಾಕಿದ ಹಾಗಾಯಿತು ನನ್ನ ತಿದ್ದುಪಡಿ.

ಇಷ್ಟು ತಿಳಿದ ಮೇಲೆ ನಾನು ಮಾಡಬೇಕಾಗಿದ್ದೇನು, ಮಾಡಿದ್ದೇನು ನೋಡಿ. ಆ ವರ್ಷದ ರಾಜ್ಯೋತ್ಸವದಲ್ಲಿ ಭಾಷಣಕ್ಕೆ ಹೆಸರು ಕೊಟ್ಟೆ. ‘ಮೂರು ಸಾವಿರ ವರ್ಷದ ಹಿಂದೆ ಸೊಲೊಮೋನನ ಆಸ್ಥಾನದಲ್ಲಿ ಕನ್ನಡದ ಶಬ್ದ ಮೊಳಗಿತ್ತು’ ಅಂತ ಗಂಟಲು ಹರಿಯುವಂತೆ ಕೂಗಿದೆ. ಚಪ್ಪಾಳೆಯೋ ಚಪ್ಪಾಳೆ. ಕಾಲ್ಡ್‌ವೆಲ್ ಹೆಸರು ಹೇಳಿದೆ, ಕಿಟೆಲ್ ಹೆಸರು ಹೇಳಿದೆ. ಅಜ್ಜಿಯ ಸುದ್ದಿ ಎತ್ತಲಿಲ್ಲ. ಆ ಶಬ್ದವನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲೇ ಅನ್ನುವ ಹಾಗೆ ಮಾತಾಡಿದೆ.

ಮಾರನೆಯ ದಿನ 8.10ರ ಫಾಸ್ಟ್ ಲೋಕಲಿನಲ್ಲಿ ನಮ್ಮ ಗುಂಪಿಗೆ ಇದೇ ಸುದ್ದಿ. ಗುಂಪಿನಲ್ಲಿ ಒಬ್ಬ ತಮಿಳಿನವನು, ಒಬ್ಬ ತೆಲುಗಿನವನು. ತಮಿಳಿನವನು ‘ತೋಕೈ ನಮ್ಮದು, ನವಿಲು ಅಂತ ಅರ್ಥ ಇರೋದೂ ನಮ್ಮಲ್ಲೇ, ನಿಮ್ಮದು ಬರೀ ಬಾಲ’ ಅಂದ. ತೆಲುಗಿನವನು ‘ಇವತ್ತಿಗೂ ಮನೆಮನೆಯಲ್ಲಿ ತೋಕ ಅನ್ನೋರು ನಾವು, ನೀವು ಬಿಟ್ಟುಬಿಟ್ಟಿದ್ದೀರಿ’ ಅಂದ. ನಾನು ದನಿ ಏರಿಸಿದೆ. ಮುಂಬ್ರಾ ದಾಟುವಷ್ಟರಲ್ಲಿ ಕಾಲರ್ ಹಿಡಿಯುವುದೊಂದು ಬಾಕಿ. ಕಿಟಕಿ ಪಕ್ಕ ಕೂತಿದ್ದ ಒಬ್ಬ ಮರಾಠಿ ಹಿರಿಯರು ಪೇಪರು ಮಡಿಚಿ, ಏನಪ್ಪಾ ವಿಷಯ ಅಂತ ಕೇಳಿದರು. ಹೇಳಿದೆವು. ‘ಅಂದರೆ ಶೇಪೂಟ್! ಬಾಲ ಹಿಡಿದು ಮೂವರೂ ಎಳೆದಾಡ್ತಿದ್ದೀರಿ, ಹಕ್ಕಿ ಎಂದೋ ಹಾರಿಹೋಯಿತು’ ಅಂದರು. ಡಬ್ಬಿಯೆಲ್ಲ ನಗು. ಇಳಿಯುವಾಗ ಅವರೇ ಒಂದು ಮಾತು ಹೇಳಿದರು: ‘ಠಾಣೆಯಲ್ಲಿ ಯಹೂದ್ಯರ ದೇವಾಲಯ ಇದೆಯಲ್ಲ, ಅಲ್ಲಿ ಹೋಗಿ ಕೇಳಬಾರದೇ?’

ಠಾಣೆಯ ಸಿವಿಲ್ ಆಸ್ಪತ್ರೆಯ ಎದುರಿಗೆ ಇದೆ ಆ ಸಿನಗಾಗ್. 1879ರಲ್ಲಿ ಕಟ್ಟಿದ್ದು. ಹೆಸರು ‘ಶಾರ್ ಹಶಾಮಯಿಮ್’, ಸ್ವರ್ಗದ ಬಾಗಿಲು ಅಂತ ಅರ್ಥ. ಅಲ್ಲಿಯವರು ಬೆನೆ ಇಸ್ರೇಲ್ ಸಮುದಾಯದವರು, ಮನೆಮಾತು ಮರಾಠಿ. ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಈಜಿ ದಡ ಸೇರಿದರು, ಅವರ ಸಂತತಿ ತಾವು ಅಂತ ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆದರು. ಶನಿವಾರ ಗಾಣ ಮುಟ್ಟುತ್ತಿರಲಿಲ್ಲ. ಅದಕ್ಕೇ ಸುತ್ತಲಿನವರು ಅವರಿಗೆ ‘ಶನಿವಾರ ತೇಲಿ’ ಅಂತ ಹೆಸರಿಟ್ಟರು. ಪನ್ವೇಲಿನಲ್ಲೂ ಅವರದೊಂದು ದೇವಾಲಯವಿದೆ, 1849ರದು. ಇವತ್ತಿಗೆ ಭಾರತದಲ್ಲಿ ಯಹೂದ್ಯರು ಹೆಚ್ಚಾಗಿ ಇರುವುದೇ ನಮ್ಮ ಈ ಠಾಣೆಯ ಸುತ್ತ. ಡೊಂಬಿವಲಿಯಿಂದ ಅರ್ಧ ಗಂಟೆಯ ದಾರಿ. ನಾನು ಮಾತ್ರ ಇಪ್ಪತ್ತು ವರ್ಷ ಆ ಬಾಗಿಲ ಮುಂದೆ ಹಾದು ಹೋದರೂ ಒಳಗೆ ಏನಿದೆ ಅಂತ ಕೇಳಿದವನಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೋದೆ. ಅಂಗಳದಲ್ಲಿ ಕೂತಿದ್ದ ಒಬ್ಬ ಮುದುಕರು ಬಂದ ಕಾರಣ ಕೇಳಿದರು. ನಾನು ಜಂಬದಿಂದ ‘ತುಕ್ಕಿ ಅನ್ನೋ ಶಬ್ದದ ಬಗ್ಗೆ’ ಅಂದೆ. ಅವರು ಹುಬ್ಬೇರಿಸಿದರು. ‘ತುಕ್ಕಿ? ಪೋಪಟ್!’

‘ಪೋಪಟ್?’

‘ಹೌದು, ಗಿಳಿ. ನನ್ನ ಮಗಳು ಇಸ್ರೇಲಿನಲ್ಲಿದ್ದಾಳೆ. ಮೊಮ್ಮಕ್ಕಳು ತುಕ್ಕಿ ಸಾಕಿದ್ದೇವೆ ಅಂತ ಕಾಗದ ಬರೀತಾರೆ. ನವಿಲಿಗೆ ಅಲ್ಲಿ ಬೇರೆ ಹೆಸರು, ತವಾಸ್.’

ನಮ್ಮ ಮುಂಬಯಿ ಭಾಷೆಯಲ್ಲಿ ಒಬ್ಬನ ‘ಪೋಪಟ್’ ಆಯಿತು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ಅರ್ಥದಲ್ಲೂ ಅವತ್ತು ನನ್ನ ಪೋಪಟ್ಟೇ ಆಯಿತು.

ಮುದುಕರು ಒಳ್ಳೆಯವರು. ನನ್ನ ಮುಖ ನೋಡಿ ಒಳಗಿನಿಂದ ಹೀಬ್ರೂ ಬೈಬಲ್ ತಂದು ಬಿಚ್ಚಿದರು. ನಾನು ಹೇಳಿದ ವಚನ ಹುಡುಕಿ, ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದರು: ಝಹಾವ್, ಕೆಸೆಫ್, ಶೆನ್‌ಹಬ್ಬೀಮ್, ಕೋಫೀಮ್, ತುಕ್ಕಿಯ್ಯೀಮ್. ಹಳೆಯ ಕಾಲದಲ್ಲಿ ಬರೀ ವ್ಯಂಜನಗಳನ್ನೇ ಬರೆಯುತ್ತಿದ್ದರು, ಸ್ವರದ ಚುಕ್ಕೆಗಳನ್ನು ಪಂಡಿತರು ಎಷ್ಟೋ ಶತಮಾನಗಳ ಮೇಲೆ ಹಾಕಿದರು ಅಂತ ತಿಳಿಸಿದರು. ಅರಸರ ಪುಸ್ತಕದಲ್ಲಿ ಈ ಶಬ್ದಕ್ಕೆ ತ, ಕ, ಯ, ಯ, ಮ ಇಷ್ಟೇ ಅಕ್ಷರ. ಇದೇ ಮಾತು ಪೂರ್ವಕಾಲವೃತ್ತಾಂತದ ಎರಡನೆಯ ಭಾಗದಲ್ಲಿ, ಒಂಬತ್ತನೆಯ ಅಧ್ಯಾಯದಲ್ಲಿ, ಮತ್ತೆ ಬರುತ್ತದೆ. ಅಲ್ಲಿ ‘ತ’ದ ಮುಂದೆ ‘ವಾವ್’ ಅನ್ನೋ ಅಕ್ಷರ ಸೇರಿದೆ. ಆ ವಾವನ್ನು ‘ಊ’ ಅಂತಲೂ ಓದಬಹುದು, ‘ಓ’ ಅಂತಲೂ ಓದಬಹುದು. ‘ಓ’ ಅಂದಾಗ ನನ್ನ ಕಿವಿ ನೆಟ್ಟಗಾದದ್ದನ್ನು ನೋಡಿ ಅವರಿಗೆ ನಗು ಬಂತು.

ಆಮೇಲೆ ಅವರು ತಮ್ಮವರ ಕಥೆ ಹೇಳಿದರು. ಕೊಂಕಣದಲ್ಲಿ ನೆಲೆಸಿದ ಮೇಲೆ ಅವರ ಜನ ಹೀಬ್ರೂವನ್ನೇ ಮರೆತುಬಿಟ್ಟಿದ್ದರಂತೆ. ಉಳಿದದ್ದು ‘ಶೆಮಾ ಇಸ್ರಾಯೇಲ್’ ಅನ್ನುವ ಒಂದು ಪ್ರಾರ್ಥನೆ, ಶನಿವಾರದ ಬಿಡುವು, ರೆಕ್ಕೆ ಹುರುಪೆ ಇಲ್ಲದ ಮೀನು ತಿನ್ನದ ಪದ್ಧತಿ. ಡೇವಿಡ್ ರಹಾಬಿ ಅನ್ನುವವನು ಬಂದು, ಆ ಮೀನಿನ ಪದ್ಧತಿ ನೋಡಿಯೇ ಇವರು ಯಹೂದ್ಯರು ಅಂತ ಗುರುತು ಹಿಡಿದನಂತೆ. ಓದು ಬರಹ ಹೊಸದಾಗಿ ಕಲಿಸಿದರು ಕೊಚ್ಚಿಯಿಂದ ಬಂದ ಗುರುಗಳು. ‘ಭಾಷೆ ಹೋದರೂ ಅಡುಗೆಮನೆಯಲ್ಲಿ ಏನೋ ಉಳಿದಿತ್ತು, ಅದನ್ನು ಉಳಿಸಿದವರು ಹೆಂಗಸರು’ ಅಂದರು ಮುದುಕರು. ಕೊನೆಗೆ ಸುಮ್ಮನೆ ಕೇಳಿದರು: ‘ನಿನಗೆ ಈ ತೋಕೆ ಅನ್ನೋ ಮಾತು ಎಲ್ಲಿ ಸಿಕ್ಕಿತು?’

‘ಪುಸ್ತಕದಲ್ಲಿ’ ಅಂದೆ.

ಅಂದುಬಿಟ್ಟೆ. ಆ ಒಂದು ಸುಳ್ಳಿನ ಭಾರ ಹೊತ್ತುಕೊಂಡೇ ಠಾಣೆ ಸ್ಟೇಷನ್ನಿಗೆ ನಡೆದು ಬಂದೆ.

ಅಲ್ಲಿಂದಾಚೆಗೆ ಭಾಷಣ ನಿಲ್ಲಿಸಿ ಓದಲಿಕ್ಕೆ ಹಿಡಿದೆ. ಲೆಕ್ಕದವನಲ್ಲವೇ, ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ನೋಡಿದೆ. ನಿಮ್ಮ ಮುಂದೆಯೂ ಅದನ್ನೇ ಇಡುತ್ತೇನೆ.

ಜಮೆಯ ಕಡೆ: ನವಿಲು ಭಾರತದ್ದು. ವ್ಯಾಪಾರಿಗಳು ಹಡಗಿನಲ್ಲಿ ನವಿಲನ್ನು ಬಾವೇರು ಅಂದರೆ ಬಾಬಿಲೋನಿಗೆ ಒಯ್ದ ಕಥೆ ಪಾಲಿಯ ಜಾತಕಗಳಲ್ಲೇ ಇದೆ. ಅದೇ ಬೈಬಲಿನಲ್ಲಿ ಇನ್ನೂ ಕೆಲವು ಭಾರತದ ಶಬ್ದಗಳಿವೆ. ಎಸ್ತೇರಳ ಪುಸ್ತಕದ ‘ಕರ್ಪಸ್’ ನಮ್ಮ ಕರ್ಪಾಸ, ಹತ್ತಿ. ಪರಮಗೀತೆಯ ‘ನೇರ್ದ್’ ಸಂಸ್ಕೃತದ ನಲದ, ಜಟಾಮಾಂಸಿ. ಅಂದ ಮೇಲೆ ಶಬ್ದಗಳು ಸಮುದ್ರ ದಾಟಿದ್ದು ಸುಳ್ಳಲ್ಲ. ಬಾಲದ ಹೆಸರು ಹಕ್ಕಿಗೆ ಅಂಟುವುದುಂಟೇ ಅಂತ ಕೇಳಿದರೆ ಕನ್ನಡದಲ್ಲೇ ಸಾಕ್ಷಿ ಇದೆ: ‘ಸೋಗೆ’. ಅಡಕೆ ಸೋಗೆ, ಕಬ್ಬಿನ ಸೋಗೆ ಅನ್ನುತ್ತೇವೆ, ನವಿಲಿನ ಗರಿಗೂ ಸೋಗೆ ಅನ್ನುತ್ತೇವೆ, ಹಳಗನ್ನಡದಲ್ಲಿ ನವಿಲಿಗೇ ಸೋಗೆ ಅಂದದ್ದುಂಟು. ಸೋಗೆಯೂ ತೋಕೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ, ಅರ್ಥ ನಡೆದ ದಾರಿ ಒಂದೇ ಅನ್ನುತ್ತೇನೆ.

ಖರ್ಚಿನ ಕಡೆ: ಬೈಬಲಿನ ಹಳೆಯ ಗ್ರೀಕ್ ಅನುವಾದದಲ್ಲಿ, ಅರಸರ ಪುಸ್ತಕದ ಆ ಜಾಗದಲ್ಲಿ, ನವಿಲೇ ಇಲ್ಲ. ಕೆತ್ತಿದ ಕಲ್ಲುಗಳಿವೆ. ನವಿಲು ಕಾಣುವುದು ಜೆರೋಮ್ ಮಾಡಿದ ಲ್ಯಾಟಿನ್ ಅನುವಾದದಲ್ಲಿ. ಅಮೆರಿಕದ ವಿದ್ವಾಂಸ ಆಲ್‌ಬ್ರೈಟ್, ತುಕ್ಕಿ ಅನ್ನುವುದು ಈಜಿಪ್ಟ್ ಭಾಷೆಯಲ್ಲಿ ಒಂದು ಜಾತಿಯ ಕೋತಿಯ ಹೆಸರು ಅಂತ ವಾದಿಸಿದರು. ಪಕ್ಕದಲ್ಲೇ ಕೋಫೀಮ್, ಕೋತಿಗಳು, ಇರುವುದರಿಂದ ಆ ವಾದಕ್ಕೂ ಬಲವಿದೆ. ಇಂಗ್ಲಿಷಿನ ಕೆಲವು ಹೊಸ ಅನುವಾದಗಳಲ್ಲಿ ನವಿಲು ಎದ್ದುಹೋಗಿ ಬಬೂನ್ ಬಂದು ಕೂತಿದೆ. ಇನ್ನೊಂದು: ತುಕ್ಕಿಗೆ ಹತ್ತಿರವಾಗಿ ಎಲ್ಲರೂ ಕೊಡುವ ರೂಪ ತಮಿಳಿನ ತೋಕೈ. ಕನ್ನಡದ ತೋಕೆ ಅದರ ತಂಗಿ, ಅದೇ ಹಡಗು ಹತ್ತಿದವಳಲ್ಲ. ನನ್ನ ರಾಜ್ಯೋತ್ಸವದ ಭಾಷಣ ಅಲ್ಲಿಗೆ ಮುಳುಗಿತು.

ಹಡಗು ಯಾವ ಬಂದರಿನಿಂದ ಹೋಯಿತು? ಸೊಲೊಮೋನನಿಗೆ ಚಿನ್ನ ಬಂದದ್ದು ಓಫೀರ್ ಎಂಬಲ್ಲಿಂದ. ಗ್ರೀಕ್ ಅನುವಾದದಲ್ಲಿ ಅದು ‘ಸ’ಕಾರ ಹಚ್ಚಿಕೊಂಡು ಸೋಫೀರ ಆಗಿದೆ. ಹಾಗಾಗಿ ಅದು ನಮ್ಮ ಸೋಪಾರಾ, ಮಹಾಭಾರತದ ಶೂರ್ಪಾರಕ, ಅಂತ ಕೆಲವರು. ಅರಬಸ್ತಾನ ಅಂತ ಕೆಲವರು, ಆಫ್ರಿಕಾ ಅಂತ ಕೆಲವರು. ನಾನೂ ದಾದರಿನಲ್ಲಿ ಗಾಡಿ ಬದಲಿಸಿ ನಾಲಾಸೋಪಾರಾಕ್ಕೆ ಹೋಗಿ ಬಂದೆ. ಆಗ ಅದು ನಮ್ಮ ಠಾಣೆ ಜಿಲ್ಲೆಯಲ್ಲೇ ಇತ್ತು, 2014ರಿಂದ ಪಾಲ್ಘರ್ ಜಿಲ್ಲೆ. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಗೆಸಿದ ಸ್ತೂಪ ಇದೆ. ಅಶೋಕನ ಶಾಸನದ ತುಣುಕುಗಳೂ ಆ ಊರಲ್ಲೇ ಸಿಕ್ಕವು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ಪೆರಿಪ್ಲಸ್‌ನಲ್ಲಿ ಸುಪ್ಪರ, ಕಲ್ಲಿಯೇನ ಅಂತ ಸೋಪಾರಾ, ಕಲ್ಯಾಣ್ ಎರಡೂ ಬಂದರುಗಳಾಗಿ ಬರುತ್ತವೆ. ಆದರೆ ಅದು ಸೊಲೊಮೋನನಾಗಿ ಸಾವಿರ ವರ್ಷದ ಮೇಲಿನ ಮಾತು. ಸ್ತೂಪದ ಮೇಲೆ ನಿಂತು ಸುತ್ತ ನೋಡಿದೆ. ನವಿಲು ಕಾಣಲಿಲ್ಲ. ಒಂದು ಎಮ್ಮೆ ಮೇಯುತ್ತಿತ್ತು, ನೊಣಕ್ಕೆ ತ್ವಾಕೆ ಬೀಸುತ್ತ.

ಅಲ್ಲೇ ನನಗೆ ಅಳು ಬಂತು ಅಂದರೆ ನೀವು ನಗಬಹುದು. ತುಕ್ಕಿ ನವಿಲೋ ಕೋತಿಯೋ, ಓಫೀರ್ ಸೋಪಾರಾವೋ ಅರಬಸ್ತಾನವೋ, ಪಂಡಿತರು ನೋಡಿಕೊಳ್ಳಲಿ. ನವಿಲು ಅನ್ನುವ ಪಕ್ಷವೇ ನನಗೆ ಇವತ್ತಿಗೂ ಹೆಚ್ಚು ಸರಿ ಅನ್ನಿಸುತ್ತದೆ, ಆದರೆ ಅದು ಸೋತರೂ ಚಿಂತೆಯಿಲ್ಲ. ತೋಕೆ ಕನ್ನಡದ್ದು ಅನ್ನಲಿಕ್ಕೆ ಸೊಲೊಮೋನನ ಸಾಕ್ಷಿ ಬೇಕಾಗಿರಲಿಲ್ಲ. ನಮ್ಮ ಅಜ್ಜಿ ಅಂದಿದ್ದಳು, ಅದು ಸಾಕಾಗಿತ್ತು. ಅವಳು ಅಂದಾಗ ಒಪ್ಪದವನು ಕಾಲ್ಡ್‌ವೆಲ್ ಅಂದಾಗ ಒಪ್ಪಿದೆ. ಇದೇ ನನ್ನ ಬಾಕಿ ಲೆಕ್ಕ.

ಠಾಣೆಯ ಆ ಮುದುಕರಿಗೆ ನಿಜ ಹೇಳಬೇಕು ಅಂತ ಮತ್ತೊಮ್ಮೆ ಹೋದೆ. ಮಗಳ ಹತ್ತಿರ ಇಸ್ರೇಲಿಗೆ ಹೋದರು ಅಂತ ತಿಳಿಯಿತು. ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ.

ಗೆಳೆಯರೇ, ನಿಮ್ಮಲ್ಲಿ ಬಹಳ ಜನ ಇಲ್ಲೇ ಹುಟ್ಟಿದವರು. ಮನೆಯಲ್ಲಿ ಆಡುವ ಕನ್ನಡಕ್ಕೆ ತುಳು, ಕೊಂಕಣಿ, ತೆಲುಗು, ಮರಾಠಿ ಎಲ್ಲ ಮೆತ್ತಿಕೊಂಡಿರುತ್ತದೆ. ಸಂಘಕ್ಕೆ ಬಂದು ಶುದ್ಧ ಕನ್ನಡ ಕಲಿತಿರಿ, ಒಳ್ಳೆಯದೇ. ಆದರೆ ಮನೆಗೆ ಹೋಗಿ ಯಾರನ್ನಾದರೂ ತಿದ್ದುವ ಮುಂಚೆ ಒಂದು ಸಲ ನಿಘಂಟು ತೆಗೆದು ನೋಡಿ. ನಿಘಂಟಿನಲ್ಲಿ ಇಲ್ಲದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಹೋದ ತಿಂಗಳು ನನ್ನ ಮೊಮ್ಮಗಳು ಬಾಲ್ಕನಿಯಲ್ಲಿ ಬೆಕ್ಕು ನೋಡಿ ‘ಆಜೋಬಾ, ಶೇಪ್ಟಿ!’ ಅಂದಳು. ನಾನು ತಿದ್ದಲಿಲ್ಲ. ‘ಹೌದಮ್ಮ, ಶೇಪ್ಟಿ. ನಮ್ಮ ಅಜ್ಜಿ ಅದಕ್ಕೆ ತ್ವಾಕೆ ಅಂತಿದ್ದಳು’ ಅಂದೆ. ಅವಳಿಗೆ ಆ ಶಬ್ದ ಯಾಕೋ ಬಹಳ ನಗು ತರಿಸಿತು. ‘ತ್ವಾಕೆ, ತ್ವಾಕೆ’ ಅನ್ನುತ್ತ ಮನೆಯೆಲ್ಲ ಓಡಾಡಿದಳು.